ಲಿವರಿನಲ್ಲಿ ಅಡಗಿದ ಮಲೇರಿಯಾಕ್ಕೆ ಮದ್ದು ಬೇಕು: ಇಬ್ಬರು ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಸಚಿವರು ಮತ್ತು ಮಾನ್ಯ ವಿಜ್ಞಾನ–ತಂತ್ರಜ್ಞಾನ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ನಿಮ್ಮಿಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುವುದಕ್ಕೆ ಕಾರಣವಿದೆ. ಮಲೇರಿಯಾ ರೋಗಿ ಒಬ್ಬರ ಇಲಾಖೆಯ ಲೆಕ್ಕಕ್ಕೆ ಸೇರಿದವನು. ಆ ರೋಗಕ್ಕೆ ಹೊಸ ಮದ್ದು ಹುಡುಕಬಲ್ಲ ಬೆಂಗಳೂರಿನ ಪ್ರಯೋಗಾಲಯಗಳು ಇನ್ನೊಬ್ಬರು ತಮ್ಮ ಭಾಷಣಗಳಲ್ಲಿ ಹೆಮ್ಮೆಯಿಂದ ಹೆಸರಿಸುವಂಥವು. ಈ ಎರಡು ಕಡತಗಳು ಒಂದೇ ಮೇಜಿನ ಮೇಲೆ ಬಂದದ್ದನ್ನು ನನ್ನ ಸರ್ವಿಸಿನಲ್ಲಿ ನಾನಂತೂ ಕಾಣಲಿಲ್ಲ.

ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಡುತ್ತೇನೆ. ವಾಸಿಯಾದಂತೆ ಕಂಡು ಲಿವರಿನಲ್ಲಿ ಅಡಗಿ ಮರಳಿ ಬರುವ ವೈವಾಕ್ಸ್ ಜಾತಿಯ ಮಲೇರಿಯಾವನ್ನು ಬುಡಸಮೇತ ಕೀಳುವ, ನಾಲ್ಕೈದು ದಿನದೊಳಗೆ ಮುಗಿಯುವ, ಗರ್ಭಿಣಿಯೂ ಭಯವಿಲ್ಲದೆ ನುಂಗಬಹುದಾದ ಔಷಧವೊಂದನ್ನು ಹುಡುಕುವ ಕೆಲಸಕ್ಕೆ ರಾಜ್ಯ ಸರ್ಕಾರ ಹತ್ತು ವರ್ಷದ ಹೊಣೆ ಹೊರಬೇಕು. ರೋಗಿಗಳು ಕರಾವಳಿಯಲ್ಲಿದ್ದಾರೆ, ವಿಜ್ಞಾನಿಗಳು ಬೆಂಗಳೂರಿನಲ್ಲಿದ್ದಾರೆ, ನಡುವೆ ಇರುವುದು ಒಂದು ರಾತ್ರಿಯ ಬಸ್ಸಿನ ದಾರಿ. ಈ ಕೆಲಸ ಈಗಲೇ ಶುರುವಾಗಬೇಕು. ಮಲೇರಿಯಾ ಹೆಚ್ಚುತ್ತಿದೆ ಎಂದಲ್ಲ, ಕಡಿಮೆಯಾಗುತ್ತಿದೆ ಎಂಬ ಕಾರಣಕ್ಕೆ.

ಕಡಿಮೆಯಾಗಿರುವುದು ನಿಜ. ಕೇಂದ್ರ ಸರ್ಕಾರದ ಲೆಕ್ಕದಂತೆ 2015ರಲ್ಲಿ ದೇಶದಲ್ಲಿ 11.69 ಲಕ್ಷ ಪ್ರಕರಣಗಳಿದ್ದವು, 2023ರಲ್ಲಿ 2.27 ಲಕ್ಷ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅತಿ ಹೊರೆಯ ದೇಶಗಳ ಗುಂಪಿನಿಂದ ಭಾರತವನ್ನು ಹೊರತೆಗೆಯಿತು. 2027ರ ಹೊತ್ತಿಗೆ ಸ್ಥಳೀಯವಾಗಿ ಹರಡುವ ಪ್ರಕರಣ ಸೊನ್ನೆಗೆ ಇಳಿಯಬೇಕು, 2030ಕ್ಕೆ ನಿರ್ಮೂಲನೆಯ ಘೋಷಣೆ ಆಗಬೇಕು ಎಂಬುದು ಗುರಿ. ಬಿಸಿಲಲ್ಲಿ ಮನೆಮನೆ ಸುತ್ತಿದ ಆಶಾ ಕಾರ್ಯಕರ್ತೆಯರಿಗೆ, ಟ್ಯಾಂಕ್ ಇಣುಕಿ ನೋಡಿದ ಆರೋಗ್ಯ ಸಹಾಯಕರಿಗೆ ಇದರ ಕೀರ್ತಿ ಸಲ್ಲಬೇಕು.

ಆದರೆ ನನ್ನಂಥ ಹಳಬರಿಗೆ ಇನ್ನೊಂದು ಲೆಕ್ಕವೂ ನೆನಪಾಗುತ್ತದೆ. 1953ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಡಿಡಿಟಿ ಹೊಡೆದು ಹೊಡೆದು 1965ರ ಹೊತ್ತಿಗೆ ಪ್ರಕರಣಗಳನ್ನು ಒಂದು ಲಕ್ಷಕ್ಕೆ ಇಳಿಸಿತ್ತು. ಮಲೆನಾಡಿನ ಮಕ್ಕಳ ಹೊಟ್ಟೆಯಿಂದ ಜ್ವರಗಡ್ಡೆ (ಮಲೇರಿಯಾದಿಂದ ಊದಿದ ಗುಲ್ಮ) ಮಾಯವಾದ ಕಾಲ ಅದು. ಇನ್ನೇನು ಮುಗಿಯಿತು ಎಂದು ಗಮನ ಸಡಿಲವಾಯಿತು. ಸೊಳ್ಳೆಗೆ ಡಿಡಿಟಿ ನಾಟದಾಯಿತು, ರೋಗಾಣುವಿಗೆ ಕ್ಲೋರೋಕ್ವಿನ್ ಮಾತ್ರೆ ನಾಟದಾಗತೊಡಗಿತು. 1976ರಲ್ಲಿ ಪ್ರಕರಣಗಳು 64 ಲಕ್ಷ ದಾಟಿದವು. ಹನ್ನೊಂದೇ ವರ್ಷ.

ನನ್ನ ಪರಿಚಯ ಚಿಕ್ಕದು. ದಕ್ಷಿಣ ಕನ್ನಡದಲ್ಲಿ ಮಲೇರಿಯಾ ಸ್ಲೈಡು ನೋಡಿ ನಿವೃತ್ತನಾದ ಲ್ಯಾಬ್ ಟೆಕ್ನೀಷಿಯನ್ ನಾನು. ಉಂಗುರದ ಬೆರಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಚುಚ್ಚಿ, ಗಾಜಿನ ಮೇಲೆ ಒಂದು ದಪ್ಪ ಲೇಪ, ಪಕ್ಕದಲ್ಲಿ ಒಂದು ತೆಳು ಲೇಪ. ತೆಳುವಿಗೆ ಮಾತ್ರ ಮೆಥನಾಲ್. ಆಮೇಲೆ ಜೆಎಸ್‌ಬಿ ಬಣ್ಣದಲ್ಲಿ ಅದ್ದಿ ತೆಗೆದು ಒಣಗಿಸಿ, ಎಣ್ಣೆಯ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ದಪ್ಪ ಲೇಪದಲ್ಲಿ ಕನಿಷ್ಠ ನೂರು ಫೀಲ್ಡ್ (ಒಮ್ಮೆಗೆ ಕಣ್ಣಿಗೆ ಕಾಣುವಷ್ಟು ಜಾಗ ಒಂದು ಫೀಲ್ಡ್) ನೋಡದೆ ‘ನೆಗೆಟಿವ್’ ಎಂದು ಬರೆಯಬಾರದು. ನಮ್ಮ ಕಡೆ ಹೆಚ್ಚಾಗಿ ಸಿಗುವುದು ವೈವಾಕ್ಸ್. ಅದು ಹೊಕ್ಕ ಕೆಂಪು ರಕ್ತಕಣ ಉಬ್ಬಿಕೊಂಡಿರುತ್ತದೆ, ಒಳಗೆ ರೋಗಾಣು ಆಕಾರವಿಲ್ಲದೆ ಅಡ್ಡಾದಿಡ್ಡಿ ಹರಡಿಕೊಂಡಿರುತ್ತದೆ. ಒಮ್ಮೆ ಕಣ್ಣು ಪಳಗಿದರೆ ತಪ್ಪುವುದು ಕಷ್ಟ. ಫಾಲ್ಸಿಪಾರಮ್‌ನ ಸಣ್ಣ ಉಂಗುರ ಕಂಡರೆ ಎದೆ ಧಸಕ್ಕೆನ್ನುತ್ತಿತ್ತು, ಅದು ಕೊಲ್ಲುವ ಜಾತಿ. ವೈವಾಕ್ಸ್ ಕಂಡರೆ ‘ಸದ್ಯ’ ಎನ್ನುತ್ತಿದ್ದೆವು. ಆ ‘ಸದ್ಯ’ ಎಷ್ಟು ದುಬಾರಿ ಎಂಬುದು ರಿಜಿಸ್ಟರಿನಲ್ಲಿ ಗೊತ್ತಾಗುತ್ತಿತ್ತು. ಎರಡು-ಮೂರು ತಿಂಗಳು ಬಿಟ್ಟು ಅದೇ ಹೆಸರು, ಒಂದೆರಡು ಅಕ್ಷರ ಅತ್ತಿತ್ತ, ಬೇರೆ ಸೈಟಿನ ವಿಳಾಸ. ರಿಜಿಸ್ಟರಿಗೆ ಅದು ಹೊಸ ಪ್ರಕರಣ. ಹೊಸ ಸೊಳ್ಳೆ ಕಚ್ಚಿತೋ ಹಳೆಯದೇ ಎದ್ದುಬಂತೋ ಹೇಳಲು ಯಾವ ಸ್ಲೈಡಿಗೂ ಆಗದು.

ಹಳೆಯದು ಎದ್ದುಬರುವುದು ಹೇಗೆಂದು ಜನಪ್ರತಿನಿಧಿಗಳಾದ ನೀವು ತಿಳಿದಿರಬೇಕು. ಸೊಳ್ಳೆ ಕಚ್ಚಿದಾಗ ಒಳಹೊಕ್ಕ ರೋಗಾಣು ಮೊದಲು ಹೋಗುವುದು ಲಿವರಿಗೆ. ಅಲ್ಲಿ ಬೆಳೆದು ಸಾವಿರಗಟ್ಟಲೆಯಾಗಿ ರಕ್ತಕ್ಕೆ ಇಳಿದಾಗ ಚಳಿಜ್ವರ. ಫಾಲ್ಸಿಪಾರಮ್ ಅಷ್ಟಕ್ಕೇ ಲಿವರನ್ನು ಖಾಲಿ ಮಾಡುತ್ತದೆ. ವೈವಾಕ್ಸ್ ಹಾಗಲ್ಲ. ಅದರ ಕೆಲವು ಕೋಶಗಳು ಬೆಳೆಯದೆ ಲಿವರಿನಲ್ಲೇ ಮಲಗಿಬಿಡುತ್ತವೆ. ಹಿಪ್ನೋಝೋಯಿಟ್ ಎನ್ನುತ್ತಾರೆ. ವಾರಗಳು, ತಿಂಗಳುಗಳು, ಕೆಲವೊಮ್ಮೆ ವರ್ಷದ ನಂತರವೂ ಅವು ಏಳುತ್ತವೆ. ಕ್ಲೋರೋಕ್ವಿನ್ ರಕ್ತವನ್ನಷ್ಟೇ ತೊಳೆಯುತ್ತದೆ, ಮಲಗಿದ್ದನ್ನು ಮುಟ್ಟುವುದಿಲ್ಲ. ಮಲಗಿದ್ದು ಯಾವ ರಕ್ತಪರೀಕ್ಷೆಗೂ ಸಿಗುವುದಿಲ್ಲ. ಇನ್ನೂ ಒಂದು ಪೀಡೆಯಿದೆ: ಸೊಳ್ಳೆಗೆ ದಾಟುವ ರೂಪ ವೈವಾಕ್ಸ್‌ನಲ್ಲಿ ಬೇಗ ತಯಾರಾಗುತ್ತದೆ. ರೋಗಿ ಆಸ್ಪತ್ರೆ ಮೆಟ್ಟಿಲು ಹತ್ತುವ ಮೊದಲೇ ಅವನ ಶೆಡ್ಡಿನ ಸೊಳ್ಳೆಗಳಿಗೆ ಹಂಚಿಕೆಯಾಗಿರುತ್ತದೆ.

ಮಲಗಿದ್ದನ್ನು ಕೊಲ್ಲಲು ನಮ್ಮ ಕೈಯಲ್ಲಿರುವುದು ಪ್ರೈಮಾಕ್ವಿನ್. ನಮ್ಮ ಮಾರ್ಗಸೂಚಿಯಂತೆ ದೊಡ್ಡವರಿಗೆ ಕ್ಲೋರೋಕ್ವಿನ್ ಮೂರು ದಿನ: ನಾಲ್ಕು, ನಾಲ್ಕು, ಎರಡು ಮಾತ್ರೆ. ಅದರ ಜೊತೆಗೆ ಪ್ರೈಮಾಕ್ವಿನ್ 14 ದಿನ. ಮೂರನೇ ದಿನಕ್ಕೆ ಜ್ವರ ಹೋಗಿರುತ್ತದೆ. ಉಳಿದ ಹನ್ನೊಂದು ದಿನ ಯಾವ ತೊಂದರೆಯೂ ಇಲ್ಲದ ಮನುಷ್ಯ ದಿನಾ ನೆನಪಿಟ್ಟು ನುಂಗಬೇಕು. ಖಾಲಿ ಹೊಟ್ಟೆಗೆ ತಗೊಂಡರೆ ಹೊಟ್ಟೆ ಹಿಂಡುತ್ತದೆ. ಬಾಗಲಕೋಟೆ ಕಡೆಯ ಸೆಂಟ್ರಿಂಗ್ ಕೆಲಸದ ಹುಡುಗನೊಬ್ಬ ಅರ್ಧ ಉಳಿದ ಮಾತ್ರೆ ಚೀಟಿಯನ್ನು ಅಂಗಿಯ ಜೇಬಿನಿಂದ ತೆಗೆದು ತೋರಿಸಿ, “ಜ್ವರ ಹೋಗೇತ್ರಿ ಸರ, ಇನ್ನ ಗುಳಿಗಿ ಎದಕ್ಕ ಬೇಕ್ರಿ? ಹೊಟ್ಟಿ ಉರೀತೈತಿ” ಎಂದಿದ್ದ. ಬೆಳಿಗ್ಗೆ ಚಹಾ–ಬನ್ನು ತಿಂದು ಕಂಬಿ ಕಟ್ಟಲು ಹತ್ತುವವನಿಗೆ ಊಟವಾದ ಮೇಲೆ ತಗೋ ಎಂದು ಹೇಳುವುದು ಸುಲಭ. ಅವನ ಸ್ಲ್ಯಾಬ್ ಮುಗಿದು ಮೇಸ್ತ್ರಿ ಇನ್ನೊಂದು ಸೈಟಿಗೆ ಕಳಿಸಿದರೆ ಮಾತ್ರೆಯೂ ಇಲ್ಲ, ನಮ್ಮ ಕಾರ್ಯಕರ್ತೆಯೂ ಇಲ್ಲ. ಇದನ್ನು ‘ರೋಗಿಯ ಅಸಹಕಾರ’ ಎಂದು ವರದಿಯಲ್ಲಿ ಬರೆಯುವ ರೂಢಿಯಿದೆ. ನನಗೆ ಆ ಮಾತು ಯಾವತ್ತೂ ಒಪ್ಪಿಗೆಯಾಗಲಿಲ್ಲ. ಕೂಲಿಯವನ ಬದುಕಿಗೆ ಹೊಂದದ ಔಷಧವನ್ನು ಕೊಟ್ಟು ಅವನನ್ನೇ ಬೈಯುವುದು ಯಾವ ನ್ಯಾಯ?

ಪ್ರೈಮಾಕ್ವಿನ್ ಅಮೆರಿಕದಲ್ಲಿ ಪರವಾನಗಿ ಪಡೆದದ್ದು 1952ರಲ್ಲಿ, ಕೊರಿಯಾ ಯುದ್ಧದಿಂದ ಮಲೇರಿಯಾ ಹೊತ್ತು ಮರಳುತ್ತಿದ್ದ ಸೈನಿಕರಿಗಾಗಿ. ಅದಕ್ಕೂ ಮೊದಲು ಅದನ್ನೂ ಅದರ ದಾಯಾದಿಗಳನ್ನೂ ಪರೀಕ್ಷಿಸಿದ್ದು ಇಲಿನಾಯ್ ರಾಜ್ಯದ ಸ್ಟೇಟ್‌ವಿಲ್ ಜೈಲಿನ ಕೈದಿಗಳ ಮೇಲೆ. ಬೇಕೆಂದೇ ಸೋಂಕಿತ ಸೊಳ್ಳೆ ಕಚ್ಚಿಸಿ. ಅಲ್ಲೇ ಒಂದು ವಿಚಿತ್ರ ಕಂಡಿತು. ಕೆಲವು ಕೈದಿಗಳಿಗೆ, ಅದರಲ್ಲೂ ಕರಿಯರಿಗೆ, ಮಾತ್ರೆ ತಗೊಂಡ ಕೆಲವೇ ದಿನಕ್ಕೆ ಮೂತ್ರ ಕಪ್ಪಾಗಿ ರಕ್ತ ಇಳಿದುಹೋಗುತ್ತಿತ್ತು. ಕಾರಣ ತಿಳಿದದ್ದು 1956ರಲ್ಲಿ: ಅವರ ಕೆಂಪು ರಕ್ತಕಣದಲ್ಲಿ ಜಿ6ಪಿಡಿ ಎಂಬ ಕಿಣ್ವದ ಕೊರತೆ. ಮಲೇರಿಯಾ ತಲೆತಲಾಂತರದಿಂದ ಇದ್ದ ಸೀಮೆಗಳಲ್ಲೇ ಈ ಕೊರತೆಯೂ ಹೆಚ್ಚು. ಭಾರತದಲ್ಲೂ ಇದೆ, ಕೆಲವು ಬುಡಕಟ್ಟು ಸಮುದಾಯಗಳಲ್ಲಿ ಹೆಚ್ಚಾಗಿಯೇ ಇದೆ. ಆದ್ದರಿಂದಲೇ ಗರ್ಭಿಣಿಗೆ ಪ್ರೈಮಾಕ್ವಿನ್ ಇಲ್ಲ. ಅವಳ ರಕ್ತ ಸರಿಯಿದ್ದರೂ ಹೊಟ್ಟೆಯೊಳಗಿನ ಕೂಸಿನದ್ದು ಹೇಗಿದೆಯೋ ಗೊತ್ತಿಲ್ಲ. ವರ್ಷ ತುಂಬದ ಮಗುವಿಗೂ ಇಲ್ಲ. ವೈವಾಕ್ಸ್ ಬಂದ ಬಸುರಿ ಹೆಂಗಸಿಗೆ ನಾವು ರಕ್ತ ತೊಳೆದು ಕಳಿಸುತ್ತೇವೆ, ಲಿವರಿನಲ್ಲಿರುವುದು ಹೆರಿಗೆಯ ತನಕ ಏಳದಿರಲಿ ಎಂದು ಹಾರೈಸುತ್ತೇವೆ. ಎದ್ದರೆ ತಾಯಿಗೆ ರಕ್ತಹೀನತೆ, ಮಗುವಿಗೆ ತೂಕ ಕಡಿಮೆ.

ಎಪ್ಪತ್ತು ವರ್ಷ ದಾಟಿತು. ಈ ನಡುವೆ ಬಂದ ಒಂದೇ ಮುಖ್ಯ ಔಷಧ ಟಾಫೆನೋಕ್ವಿನ್. ಒಂದೇ ಸಲ 300 ಮಿಲಿಗ್ರಾಮ್ ನುಂಗಿದರೆ ಮುಗಿಯಿತು. ಕೇಳಲು ನಮ್ಮ ಸೆಂಟ್ರಿಂಗ್ ಹುಡುಗನಿಗಾಗಿಯೇ ಮಾಡಿದಂತಿದೆ. ಅಮೆರಿಕದ ವಾಲ್ಟರ್ ರೀಡ್ ಸೇನಾ ಸಂಸ್ಥೆಯಲ್ಲಿ ಆ ಅಣುವನ್ನು, ಅಂದರೆ ಔಷಧದ ಮೂಲ ರಾಸಾಯನಿಕವನ್ನು, ತಯಾರಿಸಿದ್ದು 1978ರಲ್ಲಿ. ಔಷಧವಾಗಿ ಪರವಾನಗಿ ಸಿಕ್ಕಿದ್ದು 2018ರಲ್ಲಿ. ನಲವತ್ತು ವರ್ಷ ಹಿಡಿದದ್ದು ವಿಜ್ಞಾನ ಕಷ್ಟವೆಂಬ ಒಂದೇ ಕಾರಣಕ್ಕಲ್ಲ, ಯಾರಿಗೂ ಅವಸರವಿರಲಿಲ್ಲ. ಬ್ರೆಝಿಲ್ ಅದನ್ನು ಈಗ ಬಳಸುತ್ತಿದೆ. ಆದರೆ ಟಾಫೆನೋಕ್ವಿನ್ ಕೂಡ ಪ್ರೈಮಾಕ್ವಿನ್ನಿನ ಕುಟುಂಬದ್ದೇ. ಒಮ್ಮೆ ನುಂಗಿದರೆ ವಾರಗಟ್ಟಲೆ ದೇಹದಲ್ಲಿ ಉಳಿಯುವುದರಿಂದ ಅಪಾಯ ಕಂಡರೆ ನಿಲ್ಲಿಸುವ ಮಾತೇ ಇಲ್ಲ. ಹಾಗಾಗಿ ಜಿ6ಪಿಡಿ ಮಟ್ಟವನ್ನು ಅಳೆದೇ ಕೊಡಬೇಕು, ಗರ್ಭಿಣಿಗೆ ಕೊಡುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೂಡ 2024ರಲ್ಲಿ ಅದನ್ನು ಶಿಫಾರಸು ಮಾಡಿದ್ದು ದಕ್ಷಿಣ ಅಮೆರಿಕಕ್ಕೆ ಮಾತ್ರ. ಏಷ್ಯಾದ ರೋಗಿಗಳಲ್ಲಿ ಆ ಪ್ರಮಾಣ ಅಷ್ಟು ಚೆನ್ನಾಗಿ ಕೆಲಸ ಮಾಡಲಿಲ್ಲ. ಅಂದರೆ ಈ ಒಂದು ಕುಟುಂಬದ ಆಚೆಗೆ, ಲಿವರಿನಲ್ಲಿ ಮಲಗಿದ ವೈವಾಕ್ಸ್ ಅನ್ನು ಕೊಲ್ಲುವ ಯಾವ ಔಷಧವೂ ಇವತ್ತು ಜಗತ್ತಿನ ಯಾವ ಆಸ್ಪತ್ರೆಯಲ್ಲೂ ಇಲ್ಲ.

ಜಗತ್ತಿನಲ್ಲಿ ಮಲೇರಿಯಾ ಔಷಧದ ಸಂಶೋಧನೆ ನಿಂತಿದೆಯೆಂದು ನಾನು ಹೇಳುತ್ತಿಲ್ಲ. 1967ರಲ್ಲಿ ಚೀನಾ ಗುಟ್ಟಾಗಿ ಶುರುಮಾಡಿದ ‘ಯೋಜನೆ 523’ರಿಂದ ಹುಟ್ಟಿದ ಆರ್ಟೆಮಿಸಿನಿನ್ ಎಂಬ ಔಷಧ ಲಕ್ಷಾಂತರ ಜೀವ ಉಳಿಸಿತು, ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ತಂದಿತು. ಈಗ ಅದಕ್ಕೂ ರೋಗಾಣು ಒಗ್ಗಿಕೊಳ್ಳುತ್ತಿದೆ: ಮೊದಲು ಕಾಂಬೋಡಿಯಾದಲ್ಲಿ, ಆಮೇಲೆ ರುವಾಂಡ, ಉಗಾಂಡ, ಎರಿಟ್ರಿಯಾ, ತಾಂಜಾನಿಯಾಗಳಲ್ಲಿ. ಅದಕ್ಕೇ ಗ್ಯಾನಪ್ಲಾಸೈಡ್ ಎಂಬ ಹೊಸ ಬಗೆಯ ಅಣುವನ್ನು ಲುಮೆಫ್ಯಾಂಟ್ರಿನ್ ಎಂಬ ಹಳೆಯ ಔಷಧದ ಜೊತೆ ಸೇರಿಸಿ ಆಫ್ರಿಕಾದ 12 ದೇಶಗಳಲ್ಲಿ ಮೂರನೇ ಹಂತದ ಪರೀಕ್ಷೆ ನಡೆಸಿದರು. 2025ರ ನವೆಂಬರಿನಲ್ಲಿ ಬಂದ ಫಲಿತಾಂಶ ಚೆನ್ನಾಗಿದೆ. ಮಕ್ಕಳಿಗೆ ಆರ್‌21 ಲಸಿಕೆ ಬಂದಿದೆ, ತಯಾರಾಗುವುದು ನಮ್ಮ ಪುಣೆಯಲ್ಲೇ. 2024ರಲ್ಲಿ ಜಗತ್ತಿನಲ್ಲಿ ಮಲೇರಿಯಾದಿಂದ ಸತ್ತವರು ಸುಮಾರು 6.1 ಲಕ್ಷ ಜನ, ಬಹುಪಾಲು ಆಫ್ರಿಕಾದ ಪುಟ್ಟ ಮಕ್ಕಳು. ಹಣ ಅಲ್ಲಿಗೆ ಹೋಗುವುದು ನ್ಯಾಯವೇ. ಆದರೆ ಇವೆಲ್ಲ ಮುಖ್ಯವಾಗಿ ಫಾಲ್ಸಿಪಾರಮ್‌ನ ಮದ್ದುಗಳು. ವೈವಾಕ್ಸ್ ಹೆಚ್ಚಾಗಿ ಕಾಡುವುದು ನಮ್ಮನ್ನು, ನಮ್ಮ ನೆರೆಯವರನ್ನು, ಬ್ರೆಝಿಲ್, ಇಥಿಯೋಪಿಯಾದಂಥ ಕೆಲವರನ್ನು. ನಾವು ಹುಡುಕದಿದ್ದರೆ ನಮಗಾಗಿ ಬೇರೆಯವರು ಹುಡುಕಬೇಕಾದ ಜರೂರು ಏನಿದೆ?

ಇನ್ನು ಬೆಂಗಳೂರಿನ ಕಥೆ. ಇದು ವಿಜ್ಞಾನ ಸಚಿವರಿಗೆ ಗೊತ್ತಿದ್ದರೂ ಮತ್ತೊಮ್ಮೆ ಓದಲಿ. ಹೆಬ್ಬಾಳದ ಬಳಿ ಆಸ್ಟ್ರಾಝೆನೆಕಾ ಕಂಪನಿಯ ಸಂಶೋಧನಾ ಕೇಂದ್ರವಿತ್ತು. ಕ್ಷಯ, ಮಲೇರಿಯಾದಂಥ ಬಡವರ ಕಾಯಿಲೆಗಳಿಗೆ ಔಷಧ ಹುಡುಕುವುದೇ ಅಲ್ಲಿನ ಕೆಲಸ. ಅಲ್ಲಿನ ನಮ್ಮ ವಿಜ್ಞಾನಿಗಳು ಟ್ರೈಅಮಿನೋಪಿರಿಮಿಡಿನ್ ಎಂಬ ಗುಂಪಿನ ಅಣುವೊಂದನ್ನು ಕಂಡರು. ಬೇಗ ಕೊಲ್ಲುತ್ತದೆ, ರಕ್ತದಲ್ಲಿ ಬಹಳ ಹೊತ್ತು ಉಳಿಯುತ್ತದೆ, ಹಳೆಯ ಔಷಧಗಳಿಗೆ ಬಗ್ಗದ ತಳಿಗಳನ್ನೂ ಬಗ್ಗಿಸುತ್ತದೆ. 2014ರ ಆರಂಭದಲ್ಲಿ ಕಂಪನಿ ಆ ಕೇಂದ್ರ ಮುಚ್ಚುವುದಾಗಿ ಸಾರಿತು. ಮಾರನೇ ವರ್ಷ ಅಣುವಿನ ಪ್ರಬಂಧ ‘ನೇಚರ್ ಕಮ್ಯೂನಿಕೇಷನ್ಸ್’ನಲ್ಲಿ ಪ್ರಕಟವಾಗುವ ಹೊತ್ತಿಗೆ ಅದನ್ನು ಕಂಡುಹಿಡಿದವರು ಬೇರೆ ಬೇರೆ ಕಡೆ ಕೆಲಸ ಹುಡುಕಿಕೊಳ್ಳುವಂತಾಗಿತ್ತು. ಅಣು ಸಾಯಲಿಲ್ಲ, ಪುಣ್ಯ. ಜಿನೀವಾದ ‘ಮೆಡಿಸಿನ್ಸ್ ಫಾರ್ ಮಲೇರಿಯಾ ವೆಂಚರ್’ ಎಂಬ ಲಾಭರಹಿತ ಸಂಸ್ಥೆ ಕೈಬಿಡಲಿಲ್ಲ. ಅಹಮದಾಬಾದಿನ ಝೈಡಸ್ ಕಂಪನಿ ಮುಂದಕ್ಕೆ ಒಯ್ದಿತು. ಈಗ ಅದರ ಹೆಸರು ಝಡ್‌ವೈ19489. ಆಸ್ಟ್ರೇಲಿಯಾದ ಸ್ವಯಂಸೇವಕರ ಮೇಲೆ ಮೊದಲ ಪರೀಕ್ಷೆ ಆಯಿತು, ಫೆರೋಕ್ವಿನ್ ಎಂಬ ಇನ್ನೊಂದು ಅಣುವಿನ ಜೊತೆ ಸೇರಿಸಿ ಆಫ್ರಿಕಾದಲ್ಲಿ ಎರಡನೇ ಹಂತಕ್ಕೆ ಹೋಗಿದೆ. ಬೆಂಗಳೂರಿನಲ್ಲಿ ಹುಟ್ಟಿದ ಕೂಸು. ಅದನ್ನು ಸಾಕಿದ್ದರಲ್ಲಿ ಕರ್ನಾಟಕ ಸರ್ಕಾರದ ಪಾಲು ಎಷ್ಟು ಎಂದು ನೀವೇ ನಿಮ್ಮ ಅಧಿಕಾರಿಗಳನ್ನು ಕೇಳಿ ನೋಡಿ. ಅಂದಹಾಗೆ ಅದೂ ರಕ್ತದ ಹಂತದ ಔಷಧ. ಲಿವರಿನಲ್ಲಿ ಮಲಗಿದ್ದಕ್ಕೆ ಇನ್ನೂ ಬೇರೆಯೇ ಬೇಕು.

ಸರ್ಕಾರಿ ಪ್ರಯೋಗಾಲಯಗಳಲ್ಲೂ ಇಲ್ಲಿ ಕೆಲಸ ಕಡಿಮೆ ಆಗಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಜಿ. ಪದ್ಮನಾಭನ್ ಅವರ ತಂಡ ಒಂದು ಸೋಜಿಗ ಕಂಡಿತು: ನಮ್ಮ ಹಿಮೋಗ್ಲೋಬಿನ್ನನ್ನು ತಿಂದು ಬದುಕುವ ರೋಗಾಣು ತನಗೆ ಬೇಕಾದ ಹೀಮ್ ಅನ್ನು (ಹಿಮೋಗ್ಲೋಬಿನ್ನಿನಲ್ಲಿರುವ ಕಬ್ಬಿಣದ ಭಾಗ) ತಾನೇ ತಯಾರಿಸಿಕೊಳ್ಳುತ್ತದೆ. ಅರಿಸಿನದ ಕರ್ಕ್ಯುಮಿನ್ ಅನ್ನು ಆರ್ಟೆಮಿಸಿನಿನ್ ಬಳಗದ ಆರ್ಟಿಈಥರ್ ಜೊತೆ ಸೇರಿಸಿ ಇಲಿಗಳ ಮೇಲೆ ನೋಡಿದವರೂ ಅವರೇ. 2001ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ನಮಿತಾ ಸುರೋಲಿಯಾ ಮತ್ತು ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ, ಸಾಬೂನು–ಟೂತ್‌ಪೇಸ್ಟುಗಳಲ್ಲಿರುತ್ತಿದ್ದ ಟ್ರೈಕ್ಲೋಸಾನ್ ಮಲೇರಿಯಾ ರೋಗಾಣುವನ್ನು ತಡೆಯುತ್ತದೆಂದು ತೋರಿಸಿದಾಗ ಪತ್ರಿಕೆಗಳಲ್ಲೆಲ್ಲ ಸುದ್ದಿ. ಆಮೇಲೆ ಬೇರೆ ದೇಶಗಳ ಪ್ರಯೋಗಗಳು, ಅದು ಗುರಿಯಿಟ್ಟ ಕೊಬ್ಬಿನಾಮ್ಲದ ದಾರಿ ರೋಗಾಣುವಿಗೆ ರಕ್ತದಲ್ಲಿ ಅಷ್ಟು ಅಗತ್ಯವಲ್ಲ, ಲಿವರಿನ ಹಂತದಲ್ಲಿ ಅಗತ್ಯ ಎಂದು ಕಂಡುಕೊಂಡವು. ಔಷಧ ಬರಲಿಲ್ಲ, ತಿಳಿವಳಿಕೆ ಬಂತು. ಔಷಧ ಹುಡುಕುವುದೆಂದರೆ ಹೀಗೇ. ಬೋರ್‌ವೆಲ್ ಕೊರೆದಂತೆ, ಹತ್ತರಲ್ಲಿ ಎಂಟು ಒಣಗಿಯೇ ಹೋಗುತ್ತವೆ. ನಮ್ಮ ಅನುದಾನಗಳು ಮೂರು ವರ್ಷಕ್ಕೆ ಮುಗಿಯುತ್ತವೆ, ಬಳಕೆ ಪ್ರಮಾಣಪತ್ರ ಮಾರ್ಚಿಗೇ ಬೇಕು. ಮೊದಲ ಗುಂಡಿ ಒಣಗಿದರೆ ಎರಡನೆಯದಕ್ಕೆ ದುಡ್ಡಿಲ್ಲ.

ಅಣುವಿನಿಂದ ಅಂಗಡಿಯ ಮಾತ್ರೆಯವರೆಗೆ ಒಯ್ಯುವುದು ಭಾರತಕ್ಕೆ ಬಾರದ ವಿದ್ಯೆಯೂ ಅಲ್ಲ. ಆರ್ಟಿಈಥರ್ ಇಂಜೆಕ್ಷನ್ ಬಂದದ್ದು ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಿಂದ. ರ್‍ಯಾನ್‌ಬಾಕ್ಸಿ ಕಂಪನಿ ಆರ್ಟೆರೋಲೇನ್–ಪೈಪೆರಾಕ್ವಿನ್ ಮಾತ್ರೆಯನ್ನು 2012ರ ವಿಶ್ವ ಮಲೇರಿಯಾ ದಿನದಂದು ಬಿಡುಗಡೆ ಮಾಡಿತು. ನಡುವೆ ಜಿನೀವಾದ ಸಂಸ್ಥೆ ಕೈಬಿಟ್ಟಾಗ ಭಾರತ ಸರ್ಕಾರದ ನೆರವು ಅದನ್ನು ದಡ ಮುಟ್ಟಿಸಿತು.

ಹಾಗಾದರೆ ಮಲಗಿದ ವೈವಾಕ್ಸ್‌ಗೆ ಯಾಕೆ ಇಷ್ಟು ತಡ? ದುಡ್ಡು ಒಂದು ಕಾರಣ. ಇನ್ನೊಂದು ಕಾರಣ ವೈವಾಕ್ಸ್‌ನದ್ದೇ ಹಟಮಾರಿತನ. ಫಾಲ್ಸಿಪಾರಮ್ ಅನ್ನು 1976ರಿಂದ ಪ್ರಯೋಗಾಲಯದ ತಟ್ಟೆಯಲ್ಲಿ ನಿರಂತರ ಬೆಳೆಸಲು ಬರುತ್ತದೆ. ವೈವಾಕ್ಸ್ ಅನ್ನು ಇಂದಿಗೂ ಹಾಗೆ ಬೆಳೆಸಲು ಆಗಿಲ್ಲ. ಅದಕ್ಕೆ ಬೇಕಾಗಿರುವುದು ಆಗತಾನೇ ಹುಟ್ಟಿದ ಎಳೆಯ ಕೆಂಪು ಕಣಗಳು ಮಾತ್ರ. ಆದ್ದರಿಂದ ಮಲಗಿದ ರೂಪದ ಮೇಲೆ ಒಂದು ಔಷಧವನ್ನು ಪರೀಕ್ಷಿಸಬೇಕೆಂದರೆ ಮೊದಲು ರೋಗಿಯಿಂದ, ಅವನ ಒಪ್ಪಿಗೆ ಪಡೆದು, ಚಿಕಿತ್ಸೆ ಶುರುವಾಗುವ ಮುಂಚೆ ರಕ್ತ ತೆಗೆಯಬೇಕು. ಅದನ್ನು ದೇಹದ ಬಿಸಿಯಲ್ಲೇ ಕಾಪಾಡಿ, ಕೆಲವೇ ಗಂಟೆಗಳೊಳಗೆ ಪ್ರಯೋಗಾಲಯದಲ್ಲಿ ಸಾಕಿದ, ಮಲೇರಿಯಾ ಹರಡುವ ಅನಾಫಿಲೀಸ್ ಸೊಳ್ಳೆಗಳಿಗೆ ಪೊರೆಯ ಮೂಲಕ ಕುಡಿಸಬೇಕು. ಎರಡು ವಾರ ಸೊಳ್ಳೆ ಸಾಕಬೇಕು. ಆಮೇಲೆ ಒಂದೊಂದೇ ಸೊಳ್ಳೆಯ ಜೊಲ್ಲುಗ್ರಂಥಿ ಬಿಡಿಸಿ, ಸಿಕ್ಕ ರೋಗಾಣುಗಳನ್ನು ಮನುಷ್ಯರ ಲಿವರ್ ಕೋಶಗಳಿರುವ ತಟ್ಟೆಗೆ ಬಿಡಬೇಕು. ಆಗ ಸಿಗುತ್ತವೆ ಹಿಪ್ನೋಝೋಯಿಟ್‌ಗಳು. ರೋಗಿ, ಸೊಳ್ಳೆಮನೆ, ಲಿವರ್ ಕೋಶ, ರಸಾಯನಶಾಸ್ತ್ರಜ್ಞ ಇವಿಷ್ಟೂ ಒಂದೇ ಕಡೆ ಸಿಗುವ ಜಾಗಗಳು ಜಗತ್ತಿನಲ್ಲಿ ಬೆರಳೆಣಿಕೆ. ಥಾಯ್ಲೆಂಡ್ ಗಡಿಯಲ್ಲೊಂದು, ಕಾಂಬೋಡಿಯಾದಲ್ಲೊಂದು, ಬ್ರೆಝಿಲ್‌ನಲ್ಲೊಂದು ಎಂಬಂತೆ.

ಬೆಂಗಳೂರಿನ ವಿಜ್ಞಾನಿಗಳು ಭಾರತದ ರೋಗಿಗಳ ರಕ್ತದಿಂದಲೇ ಇದನ್ನು ಮಾಡಿ ತೋರಿಸಿ 2020ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. ದಾರಿ ಬಿದ್ದಿದೆ ಎಂದಾಯಿತು. ಅದನ್ನು ಹೆದ್ದಾರಿ ಮಾಡುವುದು ನಿಮ್ಮ ಕೆಲಸ. ನನ್ನ ಅನುಭವದಿಂದ ಒಂದು ಮಾತು: ಸೊಳ್ಳೆಮನೆ ಮಂಗಳೂರಿನಲ್ಲಿರಬೇಕು, ಬೆಂಗಳೂರಿನಲ್ಲಲ್ಲ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಲಾರಿ ಅಡ್ಡ ಬಿದ್ದರೆ ಏನಾಗುತ್ತದೆಂದು ಗೊತ್ತಿದ್ದವರು ಬಿಸಿ ರಕ್ತವನ್ನು ಆ ದಾರಿಯಲ್ಲಿ ಕಳಿಸುವ ಯೋಜನೆ ಹಾಕುವುದಿಲ್ಲ. ನಮ್ಮ ಊರಿನ ಸೊಳ್ಳೆ ಅನಾಫಿಲೀಸ್ ಸ್ಟೀಫೆನ್ಸೈ, ಓವರ್‌ಹೆಡ್ ಟ್ಯಾಂಕಿನಲ್ಲೂ ಸ್ಲ್ಯಾಬಿನ ಮೇಲೆ ಕ್ಯೂರಿಂಗಿಗೆ ನಿಲ್ಲಿಸಿದ ನೀರಿನಲ್ಲೂ ಹುಟ್ಟುವಂಥದ್ದು, ಪ್ರಯೋಗಾಲಯದಲ್ಲಿ ಸಾಕಲು ತಕರಾರು ಮಾಡುವುದಿಲ್ಲ. ಸ್ಲೈಡು ನೋಡಿ ಪಳಗಿದ ಟೆಕ್ನೀಷಿಯನ್ನರು ಜಿಲ್ಲೆಯಲ್ಲಿದ್ದಾರೆ. ಅವರ ಹುದ್ದೆಗಳನ್ನು ‘ಪ್ರಕರಣ ಕಡಿಮೆಯಾಯಿತು’ ಎಂದು ಖಾಲಿ ಬಿಡುವ ಬದಲು ಈ ಕೆಲಸಕ್ಕೆ ತರಬೇತಿ ಕೊಡಿ.

ಇಲ್ಲೇ ಅವಸರದ ಮಾತು ಬರುವುದು. ಪ್ರಕರಣ ಕಡಿಮೆಯಾದಷ್ಟೂ ಸಂಶೋಧನೆಗೆ ಬೇಕಾದ ರೋಗಿಯೂ ಸಿಗುವುದಿಲ್ಲ, ಹೊಸ ಔಷಧವನ್ನು ಹಳೆಯದರ ಜೊತೆ ಹೋಲಿಸಿ ನೋಡುವ ಪರೀಕ್ಷೆಗೆ ಸಂಖ್ಯೆಯೂ ಕೂಡುವುದಿಲ್ಲ, ಕಂಪನಿಗೆ ಮಾರುಕಟ್ಟೆಯೂ ಕಾಣುವುದಿಲ್ಲ. ಆದರೆ ಲಿವರಿನಲ್ಲಿ ಮಲಗಿದ್ದು ಸಂಖ್ಯೆಗೆ ಕಾಯುವುದಿಲ್ಲ. ಒಬ್ಬ ಕಾರ್ಮಿಕ ಅದನ್ನು ಹೊತ್ತು ಮಲೇರಿಯಾ ಮುಕ್ತವೆಂದು ಘೋಷಿಸಿದ ತಾಲ್ಲೂಕಿಗೆ ಬಂದರೆ ಸಾಕು. ಸೊಳ್ಳೆ ಅಲ್ಲಿ ಇದ್ದೇ ಇದೆ. ಈಗ ಡೆಂಗಿ ಮುಖ್ಯವಲ್ಲವೇ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಡೆಂಗಿ ಮುಖ್ಯವೇ. ಆದರೆ 1965ರ ನಂತರ ಆದದ್ದನ್ನೂ ಅವರು ನಿಮಗೆ ಓದಿ ಹೇಳಲಿ.

ದುಡ್ಡಿನ ಬಗ್ಗೆ. ಕೇಂದ್ರ 2025ರಲ್ಲಿ ಸಂಶೋಧನೆಗೆ ಒಂದು ಲಕ್ಷ ಕೋಟಿಯ ನಿಧಿ ಘೋಷಿಸಿದೆ. ಔಷಧ ಉದ್ಯಮದ ಸಂಶೋಧನೆಗೆ ಅದಕ್ಕೂ ಮೊದಲೇ 5,000 ಕೋಟಿಯ ಯೋಜನೆ ತಂದಿದೆ. ಆದರೆ ಅಲ್ಲಿ ಮುಂದೆ ಲಾಭ ತರುವ ಯೋಜನೆಗೇ ಮಣೆ ಹಾಕಿದರೆ ಮಲೇರಿಯಾ ಸಾಲಿನ ಕೊನೆಗೆ ಬೀಳುತ್ತದೆ. ಅಮೆರಿಕ 2025ರಲ್ಲಿ ವಿದೇಶಿ ನೆರವಿಗೆ ಕತ್ತರಿ ಹಾಕಿದ್ದರಿಂದ ಜಾಗತಿಕ ಮಲೇರಿಯಾ ನಿಧಿಗಳೂ ಸೊರಗಿವೆ. ಆದ್ದರಿಂದ ರಾಜ್ಯದ್ದೇ ಒಂದು ನಿಧಿ ಬೇಕು. ವರ್ಷವರ್ಷ ಬಜೆಟ್ಟಿನಲ್ಲಿ ಬೇಡುವಂಥದ್ದಲ್ಲ, ಹತ್ತು ವರ್ಷಕ್ಕೆ ಕಟ್ಟಿಟ್ಟದ್ದು. ಅದಕ್ಕಿಂತಲೂ ಕಂಪನಿಗಳನ್ನು ಕದಲಿಸುವುದು ಕೊಳ್ಳುವ ಭರವಸೆ: ‘ಗರ್ಭಿಣಿಗೂ ಕೊಡಬಹುದಾದ, ಜಿ6ಪಿಡಿ ಕೊರತೆಯವರಿಗೂ ಹಾನಿಯಾಗದ ಇಂಥ ಔಷಧ ಬಂದರೆ ಇಷ್ಟು ವರ್ಷ ಇಂಥ ಬೆಲೆಗೆ ಕೊಳ್ಳುತ್ತೇವೆ’ ಎಂದು ಕರ್ನಾಟಕ, ವೈವಾಕ್ಸ್ ಇರುವ ಬೇರೆ ರಾಜ್ಯಗಳ ಜೊತೆ ಕೂಡಿ ಬರೆದುಕೊಡಲಿ. ರಾಜ್ಯದ ದುಡ್ಡು ಬಿದ್ದ ಅಣುವಿನ ಬೆಲೆ ರಾಜ್ಯದ ಬಡವನ ಕೈಗೆಟುಕಬೇಕು ಎಂಬ ಷರತ್ತನ್ನು ಒಪ್ಪಂದದ ಮೊದಲ ಪುಟದಲ್ಲೇ ಹಾಕಿ. ಆಮೇಲೆ ಕೇಳಿದರೆ ಸಿಗುವುದಿಲ್ಲ.

ಪರೀಕ್ಷೆಗಳ ವಿಷಯದಲ್ಲಿ ಒಂದು ಭಯವೂ ಇದೆ, ಅದನ್ನು ಮುಚ್ಚಿಡಲಾರೆ. ನಮ್ಮ ಊರಿನ ಮಲೇರಿಯಾ ರೋಗಿ ಹೆಚ್ಚಾಗಿ ಹೊರಗಿನಿಂದ ಬಂದ ಕೂಲಿ: ಯಾದಗಿರಿಯವ, ಬಾಗಲಕೋಟೆಯವ, ಒಡಿಶಾದವ, ಜಾರ್ಖಂಡದವ, ಬಂಗಾಳದವ. ಮೀನುಗಾರಿಕೆ ದಕ್ಕೆಯಲ್ಲಿ ಬೋಟಿನ ಮೇಲೆಯೇ ಮಲಗುವವನೂ ಇದ್ದಾನೆ. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಇರುವ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಬಹಳ ಸುಲಭ. ಸ್ಟೇಟ್‌ವಿಲ್ಲಿನ ಕೈದಿಗಳೂ ಸಹಿ ಹಾಕಿದವರೇ. ಒಪ್ಪಿಗೆಯನ್ನು ಅವನ ಭಾಷೆಯಲ್ಲಿ, ಅವನ ಮೇಸ್ತ್ರಿಯ ಎದುರಲ್ಲದೆ, ಬಾಯಿಬಿಟ್ಟು ವಿವರಿಸಿ ಕೇಳಬೇಕು. ಒಲ್ಲೆ ಎಂದವನಿಗೂ ಅದೇ ಚಿಕಿತ್ಸೆ ಸಿಗಬೇಕು. ಪರೀಕ್ಷೆಗೆ ಕೂತ ದಿನಗಳ ಕೂಲಿ ಅವನಿಗೆ ತಲುಪಬೇಕು, ಗುತ್ತಿಗೆದಾರನಿಗಲ್ಲ. ನೈತಿಕ ಸಮಿತಿಯಲ್ಲಿ ಕಾರ್ಮಿಕ ಸಂಘದವರೊಬ್ಬರು ಕಡ್ಡಾಯವಾಗಿರಲಿ.

ಹೊಸ ಔಷಧ ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಜಿ6ಪಿಡಿ ಅಳೆಯುವ ಅಂಗೈಯಗಲದ ಯಂತ್ರಗಳು ಬಂದಿವೆ, ಬೆರಳ ತುದಿಯ ರಕ್ತ ಸಾಕು. ಕರಾವಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮೊದಲು ಇಡಿ. ಅದೇ ಒಟ್ಟು ಪ್ರಮಾಣವನ್ನು 7 ದಿನದಲ್ಲಿ ಕೊಡುವ ಪ್ರೈಮಾಕ್ವಿನ್ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಒಪ್ಪಿದೆ. ನಮ್ಮಲ್ಲೂ ಅದನ್ನು ನೋಡಬಾರದೇಕೆ ಎಂದು ಕೇಂದ್ರಕ್ಕೆ ಬರೆಯಿರಿ. ಮರಳಿ ಬಂದ ರೋಗಿಯನ್ನು ರಿಜಿಸ್ಟರಿನಲ್ಲಿ ಮರಳಿ ಬಂದವನೆಂದೇ ಗುರುತಿಸುವ ಒಂದು ಅಂಕಣ ಸೇರಿಸಿ. ಮಂಗಳೂರು ಪಾಲಿಕೆಯಲ್ಲಿ ಮಲೇರಿಯಾ ಪ್ರಕರಣಗಳನ್ನು 2015ರಿಂದಲೇ ಟ್ಯಾಬ್ಲೆಟ್ಟಿನಲ್ಲಿ ದಾಖಲಿಸುವ ವ್ಯವಸ್ಥೆ ಬಂದಿದೆ. ಅದಕ್ಕೆ ಇನ್ನೊಂದು ಅಂಕಣ ಭಾರವಾಗದು.

ಮುಂದಿನ ಮಳೆಗಾಲಕ್ಕೆ ಮುಂಚೆ ನೀವಿಬ್ಬರೂ ಸೇರಿ ಒಂದು ಸಭೆ ಕರೆಯಿರಿ. ಅದು ವಿಧಾನಸೌಧದಲ್ಲಿ ಬೇಡ, ಮಂಗಳೂರಿನಲ್ಲಿ ಆಗಲಿ. ಭಾರತೀಯ ವಿಜ್ಞಾನ ಸಂಸ್ಥೆ, ಜಕ್ಕೂರಿನ ಕೇಂದ್ರ, ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆ, ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯ ವೈದ್ಯರು, ಔಷಧ ಕಂಪನಿಗಳವರು, ಕಟ್ಟಡ ಕಾರ್ಮಿಕರ ಸಂಘದವರು, ಆಶಾ ಕಾರ್ಯಕರ್ತೆಯರು ಇರಲಿ. ಸೊಳ್ಳೆಮನೆಗೆ ಜಾಗ ಯಾವುದು, ಹತ್ತು ವರ್ಷಕ್ಕೆ ದುಡ್ಡು ಎಷ್ಟು, ಹೊಣೆ ಯಾವ ಅಧಿಕಾರಿಯದ್ದು, ಈ ಮೂರಕ್ಕೆ ಅಲ್ಲೇ ಉತ್ತರ ಬರೆದು, ನಡಾವಳಿಯನ್ನು ಕನ್ನಡದಲ್ಲಿ ಪ್ರಕಟಿಸಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞ
ದಕ್ಷಿಣ ಕನ್ನಡ ಜಿಲ್ಲೆ